ತೆರೇಸಾ ಮೇ ಅವರ ಬ್ರೆಕ್ಸಿಟ್ ಒಪ್ಪಂದಕ್ಕೆ 230 ಮತಗಳ ಸೋಲು: ಎಡವಿದ್ದು ಎಲ್ಲಿ?

ಕಾರವಾರ–ಸ್ವಿಂಡನ್ | 16 ಜನವರಿ 2019

ನಿನ್ನೆ ಡ್ಯೂಟಿ ಮುಗಿಸಿ ಮನೆ ಮುಟ್ಟಿದಾಗ ರಾತ್ರಿ ಎಂಟೂವರೆ. ಹೆಂಡತಿ ಕೆಲಸದ ಜಾಕೆಟ್ಟನ್ನೂ ತೆಗೆಯದೆ ಟಿವಿ ಮುಂದೆ ಕೂತಿದ್ದಳು. "ಇನ್ನೂರ ಎರಡಕ್ಕೆ ನಾನ್ನೂರ ಮೂವತ್ತೆರಡು" ಅಂದಳು, ಅಷ್ಟೇ. ಊಟಕ್ಕೆ ಕೂತರೂ ಇಬ್ಬರಿಗೂ ಮಾತು ಬರಲಿಲ್ಲ.

ಬ್ರೆಕ್ಸಿಟ್‌ಗೆ, ಅಂದರೆ ಬ್ರಿಟನ್ ಐರೋಪ್ಯ ಒಕ್ಕೂಟ ಬಿಡುವುದಕ್ಕೆ, ಪ್ರಧಾನಿ ತೆರೇಸಾ ಮೇ ಒಕ್ಕೂಟದ ಜೊತೆ ಚೌಕಾಸಿ ಮಾಡಿ ತಂದ 585 ಪುಟದ ಒಪ್ಪಂದ ಸಂಸತ್ತಿನಲ್ಲಿ ಬಿದ್ದಿದೆ. ಅವರದೇ ಪಕ್ಷದ 118 ಮಂದಿ ವಿರುದ್ಧ ಮತ ಹಾಕಿದ್ದಾರೆ. ಇಲ್ಲಿನ ಯಾವ ಸರ್ಕಾರವೂ ಈವರೆಗೆ ಇಷ್ಟು ದೊಡ್ಡ ಅಂತರದಲ್ಲಿ ಸೋತಿಲ್ಲವಂತೆ.

ನಮ್ಮ ಮನೆಯ ವಿಷಯ ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ನನ್ನ ಅಭಿಪ್ರಾಯ ಅಲ್ಲಿಂದಲೇ ಬಂದದ್ದು. ನಾನು 2004ರಲ್ಲಿ ವರ್ಕ್ ಪರ್ಮಿಟ್ ಮೇಲೆ ನರ್ಸ್ ಆಗಿ ಬಂದವನು. ಭಾರತದ ಪಾಸ್‌ಪೋರ್ಟ್ ಇನ್ನೂ ಬಿಟ್ಟಿಲ್ಲ. ಹೆಂಡತಿ ಕಾಣಕೋಣದವಳು. ಅವಳಪ್ಪ ಗೋವಾ ಇನ್ನೂ ಪೋರ್ಚುಗೀಸರ ಕೈಯಲ್ಲಿದ್ದಾಗ ಹುಟ್ಟಿದವರು, ಹಾಗಾಗಿ ಅವಳದು ಪೋರ್ಚುಗೀಸ್ ಪಾಸ್‌ಪೋರ್ಟ್. ಸ್ವಿಂಡನ್‌ನಲ್ಲಿ ಇಂಥ ಗೋವಾ ಮನೆಗಳು ಬಹಳ. ಒಕ್ಕೂಟದಲ್ಲಿ ಇರಬೇಕೋ ಬಿಡಬೇಕೋ ಅನ್ನುವ ಜನಮತಗಣನೆ ನಡೆದ 2016ರ ಜೂನ್ 23ರಂದು ನನಗೆ ಮತ ಇತ್ತು, ಕಾಮನ್‌ವೆಲ್ತ್ ಪ್ರಜೆ ಅನ್ನುವ ಕಾರಣಕ್ಕೆ. ಒಂಬತ್ತು ವರ್ಷದಿಂದ ಇಲ್ಲೇ ದುಡಿದು ತೆರಿಗೆ ಕಟ್ಟುತ್ತಿದ್ದ ಅವಳಿಗೆ ಇರಲಿಲ್ಲ. ಮತಗಟ್ಟೆ ಮಗನ ಶಾಲೆಯಲ್ಲೇ. ನಾನು ಒಳಗೆ ಹೋಗಿ ಪೆನ್ಸಿಲ್‌ನಲ್ಲಿ ಗುರುತು ಹಾಕಿ ಬರುವವರೆಗೂ ಅವಳು ಮಗನ ಕೈ ಹಿಡಿದುಕೊಂಡು ಗೇಟಿನ ಹತ್ತಿರ ನಿಂತಿದ್ದಳು.

ಜನಮತಗಣನೆಯ ಫಲಿತಾಂಶವನ್ನು ನಾನು ಪ್ರಶ್ನೆ ಮಾಡುತ್ತಿಲ್ಲ. ಬಿಡೋಣ ಅಂದವರು ಶೇ. 51.9, ಇರೋಣ ಅಂದವರು 48.1, ಜನ ಹೇಳಿಯಾಗಿದೆ. ನನ್ನ ತಕರಾರು ಪ್ರಧಾನಿ ಅದನ್ನು ನಡೆಸಿದ ರೀತಿಯ ಬಗ್ಗೆ. ಒಕ್ಕೂಟ ಬಿಡುವ ದಾರಿ ಹೇಳುವ 50ನೇ ವಿಧಿ ಅಂದರೆ ಎರಡು ವರ್ಷದ ಗಡುವು. ಬಿಡುತ್ತೇವೆ ಅಂತ ಪತ್ರ ಕೊಟ್ಟ ಮೇಲೆ ಒಂದು ದಿನ ಹೆಚ್ಚು ಬೇಕೆಂದರೂ ಉಳಿದ 27 ದೇಶಗಳು ಒಪ್ಪಬೇಕು. ಆ ಪತ್ರ ಯಾವಾಗ ಕೊಡುತ್ತೇವೆಂದು ಮೇ ಘೋಷಿಸಿದ್ದು 2016ರ ಅಕ್ಟೋಬರ್‌ನಲ್ಲಿ, ತಮ್ಮ ಪಕ್ಷದ ಸಮ್ಮೇಳನದ ವೇದಿಕೆಯಿಂದ. ಪತ್ರ ಹೋದದ್ದು 2017ರ ಮಾರ್ಚ್ 29ಕ್ಕೆ. ನಮಗೆ ಬೇಕಾದದ್ದು ಇದು ಅಂತ ಸಂಪುಟ ಕೂತು ಒಪ್ಪಿದ್ದು 2018ರ ಜುಲೈ 6ಕ್ಕೆ, ಪ್ರಧಾನಿಯ ಹಳ್ಳಿಮನೆ ಚೆಕರ್ಸ್‌ನಲ್ಲಿ. ಗಡಿಯಾರ ಓಡಲು ಶುರುವಾಗಿ ಆಗಲೇ ಹದಿನೈದು ತಿಂಗಳು! ಆ ಒಪ್ಪಿಗೆಯೂ ಮೂರು ದಿನ ಬಾಳಲಿಲ್ಲ. ಬ್ರೆಕ್ಸಿಟ್ ಸಚಿವ ಡೇವಿಡ್ ಡೇವಿಸ್ ರಾಜೀನಾಮೆ ಕೊಟ್ಟರು, ಮರುದಿನ ವಿದೇಶಾಂಗ ಸಚಿವ ಬೋರಿಸ್ ಜಾನ್ಸನ್ ಕೊಟ್ಟರು. ಲಗ್ನಪತ್ರಿಕೆ ಹಂಚಿ ಮುಗಿದ ಮೇಲೆ ಮನೆಯವರ ಒಪ್ಪಿಗೆ ಕೇಳಿದ ಹಾಗಾಯಿತು.

ಇನ್ನೊಂದು, ನನಗೆ ಮರೆಯಲಾಗದ್ದು. ಒಕ್ಕೂಟದ ದೇಶಗಳಿಂದ ಬಂದು ಇಲ್ಲಿರುವ ಮೂವತ್ತು ಲಕ್ಷ ಜನಕ್ಕೆ "ನೀವು ಇಲ್ಲೇ ಇರಿ, ನಿಮ್ಮನ್ನು ಯಾರೂ ಮುಟ್ಟುವುದಿಲ್ಲ" ಅಂತ ಮೊದಲ ವಾರವೇ ಹೇಳಬಹುದಿತ್ತು. 2017ರ ಮಾರ್ಚ್‌ನಲ್ಲಿ ಮೇಲ್ಮನೆ ಅದನ್ನೇ ಮಸೂದೆಗೆ ಸೇರಿಸಿತು, ಸರ್ಕಾರ ಕೆಳಮನೆಯಲ್ಲಿ ಅದನ್ನು ತೆಗೆಸಿತು. ಚೌಕಾಸಿಯಲ್ಲಿ ಕೈಯಲ್ಲೊಂದು ಎಲೆ ಇರಲಿ ಅಂತ ನನ್ನ ಹೆಂಡತಿಯನ್ನು ಹಿಡಿದಿಟ್ಟುಕೊಂಡರು.

ನೀವೆಲ್ಲ ಏನನ್ನುತ್ತೀರಿ?

ಲೆಸ್ಟರ್ ಅಕ್ಕ | 16 ಜನವರಿ

ತಮ್ಮಾ, ಗೇಟಿನ ಹತ್ತಿರ ನಿಂತವಳ ವಿಷಯ ಓದಿ ಹೊಟ್ಟೆಯಲ್ಲಿ ಸಂಕಟವಾಯಿತು. ಆದರೂ ಎಲ್ಲವನ್ನೂ ಒಬ್ಬ ಹೆಂಗಸಿನ ತಲೆಗೆ ಕಟ್ಟಬೇಡಿ.

ಈ ಗಂಟು ಹಾಕಿದ್ದು ಯಾರು? ಹಿಂದಿನ ಪ್ರಧಾನಿ ಡೇವಿಡ್ ಕ್ಯಾಮರನ್. ಪಕ್ಷದೊಳಗಿನ ಕಾಟ ತಡೆಯಲಾರದೆ 2013ರ ಜನವರಿಯಲ್ಲಿ ಜನಮತಗಣನೆಯ ಮಾತು ಕೊಟ್ಟರು. ಸೋತ ಮರುದಿನ ಬೆಳಗ್ಗೆಯೇ ರಾಜೀನಾಮೆ. ಹೊರಹೋಗುವುದು ಅಂದರೆ ಏನು, ಸರಕು, ಜನ ತಡೆಯಿಲ್ಲದೆ ಓಡಾಡುವ ಸಿಂಗಲ್ ಮಾರ್ಕೆಟ್‌ನಿಂದಲೂ ಹೋಗುವುದೋ, ಒಳಗೆ ಸುಂಕವಿಲ್ಲದ ಕಸ್ಟಮ್ಸ್ ಯೂನಿಯನ್‌ನಿಂದಲೂ ಹೋಗುವುದೋ, ಮತಪತ್ರದಲ್ಲಿ ಇತ್ತೇ? ಪ್ರಚಾರದ ಮುಂಚೂಣಿಯಲ್ಲಿದ್ದವರು ಜವಾಬ್ದಾರಿ ಹೊರುವ ಹೊತ್ತಿಗೆ ಒಬ್ಬೊಬ್ಬರಾಗಿ ಜಾರಿಕೊಂಡರು. ಉಳಿದವರು ಇವರೊಬ್ಬರು, ಅದೂ ಸಕ್ಕರೆ ಕಾಯಿಲೆಗೆ ದಿನಾ ಇನ್ಸುಲಿನ್ ಚುಚ್ಚಿಕೊಂಡು.

ಪತ್ರದ ವಿಷಯಕ್ಕೂ ಹೇಳುತ್ತೇನೆ. ಸುಪ್ರೀಂ ಕೋರ್ಟ್ 8ಕ್ಕೆ 3ರಲ್ಲಿ "ಸಂಸತ್ತನ್ನು ಕೇಳದೆ ಪತ್ರ ಕೊಡುವ ಹಾಗಿಲ್ಲ" ಅಂದಮೇಲೆ ಸಂಸತ್ತು ಏನು ಮಾಡಿತು? ಮಸೂದೆಗೆ 498 ಪರ, 114 ವಿರುದ್ಧ. ವಿರೋಧ ಪಕ್ಷವಾದ ಲೇಬರ್ ಪಕ್ಷದವರೂ ಸಾಲುಸಾಲಾಗಿ ಹೋಗಿ ಪರ ಹಾಕಿದರು. ಅವತ್ತು ಗಡಿಯಾರಕ್ಕೆ ಕೀಲಿ ಕೊಟ್ಟವರೇ ಇವತ್ತು ಹೊತ್ತಾಯಿತು ಅಂತ ಕೂಗುತ್ತಿದ್ದಾರೆ.

ನಿನ್ನೆ ಲೇಬರ್ ಸಂಸದೆ ಟ್ಯೂಲಿಪ್ ಸಿದ್ದಿಕ್ ಹೆರಿಗೆಯ ಶಸ್ತ್ರಚಿಕಿತ್ಸೆಯನ್ನೇ ಮುಂದೂಡಿ ಗಾಲಿಕುರ್ಚಿಯಲ್ಲಿ ಬಂದು ಮತ ಹಾಕಿದ್ದನ್ನು ನೋಡಿದಿರಾ? ತುಂಬು ಗರ್ಭಿಣಿಯನ್ನು ಮನೆಯಿಂದ ಮತ ಹಾಕಲು ಬಿಡದ ವ್ಯವಸ್ಥೆ ಇದು. ಪ್ರಧಾನಿಯನ್ನು ಬೈಯುವವರು ಆ ಸದನವನ್ನೂ ಸ್ವಲ್ಪ ನೋಡಲಿ.

ಹಳೇ ಡಾಕ್ಟರ್, ಸಂಡರ್‌ಲ್ಯಾಂಡ್ | 16 ಜನವರಿ

ನಾ ಲೀವ್‌ಗೇ (ಒಕ್ಕೂಟ ಬಿಡೂದಕ್ಕ) ಹಾಕಿದಾಂವ. ಮುಚ್ಚಿಡೂದೇನದ?

ಹುಬ್ಬಳ್ಳಿಯೊಳಗ ಓದು ಮುಗಿಸಿ 1979ರಾಗ ಇಲ್ಲಿಗೆ ಬಂದೆ. ಇಡೀ ನೌಕರಿ ಇದೇ ಭಾಗದಾಗ ಆತು. 2006ರ ಏಪ್ರಿಲ್‌ನಾಗ ಸರ್ಕಾರ ನಿಯಮ ಬದಲು ಮಾಡ್ತು. ಭಾರತದಿಂದ ಬಂದ ಡಾಕ್ಟರಿಗೆ ಟ್ರೇನಿಂಗ್ ಹುದ್ದೆ ಬೇಕಂದ್ರ ಇನ್ನ ಮುಂದ ವರ್ಕ್ ಪರ್ಮಿಟ್ ಬೇಕು, ಇಲ್ಲಿಯವರು, ಯುರೋಪಿನವರು ಯಾರೂ ಸಿಗಲಿಲ್ಲಂದ್ರ ಮಾತ್ರ ನಮ್ಮವ್ರ ಪಾಳಿ. ಪರೀಕ್ಷಾ ಪಾಸಾಗಿ, ಊರಾಗ ಹೊಲಾ ಒತ್ತಿ ಇಟ್ಟು ಬಂದ ಹುಡುಗ್ರು ನನ್ನ ಮನಿ ಹಾಲ್‌ನ್ಯಾಗ ಹಾಸಿಗಿ ಹಾಸ್ಕೊಂಡು ಮಲಗತಿದ್ರು. ಮುಂಜಾನೆದ್ದು ಕಂಪ್ಯೂಟರ್ ಮುಂದ ಕುಂತು ಅರ್ಜಿ ಹಾಕೂದು, ಸಂಜೀಕ "ಇಲ್ಲ" ಅಂತ ಉತ್ತರ ಓದೂದು. ಹತ್ತು ವರ್ಷ ಆದಮ್ಯಾಗ ಮತಪತ್ರ ಕೈಯಾಗ ಬಂದಾಗ ನನಗ ನೆಪ್ಪಾದದ್ದು ಆ ಹುಡುಗ್ರ ಮಾರಿ.

ಈಗ ಮೇ ಬಗ್ಗೆ. ಅಕ್ಕಾರ, ನಿಮ್ಮ ಕನಿಕರ ನನಗ ತಿಳೀತದ. ಆದ್ರ ಆಕಿ 2016ರಾಗ ರಿಮೇನ್ (ಒಳಗ ಇರೂಣು) ಅಂದಾಕಿ. ಮನಸಿನೊಳಗ ನಂಬಿಕಿ ಇಲ್ಲದ ಕೆಲಸಕ್ಕ ಕೈ ಹಾಕಿದ್ರು. ಬ್ರೆಕ್ಸಿಟ್ ಅಂದ್ರ ಆಕಿಗೆ ಒಂದು ಅಪಘಾತ, ಪೆಟ್ಟು ಎಷ್ಟು ಕಡಿಮಿ ಆಗತದ ಅನ್ನೂದಷ್ಟ ಲೆಕ್ಕ. "ಕೆಟ್ಟ ಒಪ್ಪಂದಕ್ಕಿಂತ ಒಪ್ಪಂದ ಇಲ್ಲದ್ದ ಛಲೋ" ಅಂತ ಹೇಳಿದವರು ಆಕೀನ. ಕಡೀಕ ತಂದದ್ದು ಎಂಥಾದ್ದು? ಬ್ಯಾಕ್‌ಸ್ಟಾಪ್ (ಐರ್ಲೆಂಡ್ ಗಡಿಯೊಳಗ ತಪಾಸಣಿ ಬರಬಾರದಂತ ಒಪ್ಪಂದದಾಗ ಇಟ್ಟ ಕರಾರು) ಒಳಗ ಒಮ್ಮೆ ಸಿಕ್ಕರ ಒಕ್ಕೂಟದ ಒಪ್ಪಿಗಿ ಇಲ್ಲದ ಹೊರಗ ಬರಲಿಕ್ಕೆ ದಾರಿ ಇಲ್ಲ. ಇದು ನನ್ನ ಮಾತಲ್ಲ, ಆಕೀ ಸರ್ಕಾರದ ಅಟಾರ್ನಿ ಜನರಲ್ ಕೊಟ್ಟ ಸಲಹಾ. ಅದನ್ನ ಮುಚ್ಚಿಡಲಿಕ್ಕೆ ಹೋಗಿ ಡಿಸೆಂಬರ್‌ನಾಗ ಸರ್ಕಾರಕ್ಕ ಸಂಸತ್ತಿನ ನಿಂದನೆ ಅಂತ ಛೀಮಾರಿ ಆತು. ಒಕ್ಕೂಟಕ್ಕ ಕೊಡಬೇಕಾದ ರೊಕ್ಕ ಅಂದಾಜು 39 ಶತಕೋಟಿ ಪೌಂಡ್, ವ್ಯಾಪಾರದ ಒಪ್ಪಂದ ಮಾತ್ರ ಇನ್ನೂ ಮುಂದಿನ ಮಾತು.

ರೆಡಿಂಗ್ ಹುಡುಗ | 17 ಜನವರಿ

ಡಾಕ್ಟ್ರೇ, ಯುರೋಪಿನವರು ಹೋದರೆ ನಮ್ಮವರಿಗೆ ಬಾಗಿಲು ತೆಗೆಯುತ್ತಾರೆ ಅಂತ ನಂಬಿದ್ದಿರಲ್ಲ, ಅದೇ ನನಗೆ ಬೇಜಾರು. ಬಾಗಿಲು ಹಾಕಿದವರೇ ತೆರೇಸಾ ಮೇ! ಅವರು ಗೃಹ ಸಚಿವೆಯಾಗಿದ್ದಾಗಲೇ, 2012ರಲ್ಲಿ, ಓದು ಮುಗಿದ ಮೇಲೆ ಎರಡು ವರ್ಷ ಕೆಲಸ ಮಾಡಲು ಇದ್ದ ವೀಸಾ ಹೋಯಿತು. ನನ್ನ ಅಣ್ಣ ಎಂಎಸ್ಸಿ ಮುಗಿಸಿ, ಕೈಯಲ್ಲಿ ಸಾಲ ಇಟ್ಟುಕೊಂಡು ವಿಮಾನ ಹತ್ತಿದ್ದು ಅದೇ ವರ್ಷ. ಇಲ್ಲೇ ನೆಲೆಸಬೇಕಾದರೆ ವರ್ಷಕ್ಕೆ 35,000 ಪೌಂಡ್ ಸಂಬಳ ಇರಬೇಕು ಅನ್ನುವ ನಿಯಮಕ್ಕೂ ತಯಾರಿ ಅವರ ಕಾಲದಲ್ಲೇ.

2016ರ ನವೆಂಬರ್‌ನಲ್ಲಿ ಬೆಂಗಳೂರಿಗೆ ಬಂದಿದ್ದರು ನೆನಪಿದೆಯಾ? ಹಲಸೂರು ಸೋಮೇಶ್ವರ ದೇವಸ್ಥಾನದಲ್ಲಿ ಸೀರೆ ಉಟ್ಟು ಪೂಜೆ ಮಾಡಿಸಿದರು. ನಮ್ಮಮ್ಮ ಪೇಪರಿನ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದ್ದರು, "ಸೀರೆ ಚೆನ್ನಾಗಿ ಉಟ್ಟಿದ್ದಾರೆ" ಅಂತ. ಯುರೋಪಿನ ಹೊರಗೆ ಅವರ ಮೊದಲ ದ್ವಿಪಕ್ಷೀಯ ಭೇಟಿ ಅದು. ಒಕ್ಕೂಟ ಬಿಟ್ಟ ಮೇಲೆ ಭಾರತದ ಜೊತೆ ದೊಡ್ಡ ವ್ಯಾಪಾರ ಅಂತ ಆಸೆ. ನಮ್ಮವರು ಕೇಳಿದ್ದು ವೀಸಾ. ಅದಕ್ಕೆ ಮಾತ್ರ ಜಗ್ಗಲಿಲ್ಲ.

ಹೋದ ನವೆಂಬರ್‌ನಲ್ಲಿ ಉದ್ಯಮಿಗಳ ಮುಂದೆ ಹೇಳಿದರು, ಇನ್ನು ಮೇಲೆ ಯುರೋಪಿನವರು ದಿಲ್ಲಿಯ ಸಾಫ್ಟ್‌ವೇರ್ ಡೆವಲಪರ್‌ಗಿಂತ ಮುಂದೆ ಕ್ಯೂ ಮುರಿದು ನುಗ್ಗುವ ಹಾಗಿಲ್ಲ ಅಂತ. ಆಫೀಸಿನಲ್ಲಿ ನನ್ನ ಎದುರು ಟೇಬಲ್‌ನಲ್ಲಿ ಪೋಲೆಂಡಿನ ಹುಡುಗಿ ಕೂರುತ್ತಾಳೆ. ನನಗೆ ಇಲ್ಲಿನ ಟೆಸ್ಟಿಂಗ್ ಕೆಲಸ ಹೇಳಿಕೊಟ್ಟವಳೇ ಅವಳು. ಅವತ್ತು ಮಧ್ಯಾಹ್ನ ಊಟಕ್ಕೆ ಕರೆಯಲು ಬಂದವಳು "ನಾನು ನಿನಗಿಂತ ಮುಂದೆ ನುಗ್ಗಿದೆನಾ?" ಅಂತ ಕೇಳಿದಳು. ಏನು ಹೇಳಲಿ ನಾನು? ಆ ಮಾತು ಆಡಬಾರದಿತ್ತು ಅಂತ ಆಮೇಲೆ ಮೇ ಅವರೇ ಸದನದಲ್ಲಿ ಒಪ್ಪಿಕೊಂಡರು. ಅಷ್ಟರಲ್ಲಿ ಆಡಿಯಾಗಿತ್ತು.

ಬಸವನಗುಡಿ ಓದುಗ | 17 ಜನವರಿ

ದೂರದಿಂದ ಓದುತ್ತಿರುವವನ ಸಂದೇಹ. 118 ಜನ ಸ್ವಂತ ಪ್ರಧಾನಿಯ ವಿರುದ್ಧ ಮತ ಹಾಕಿಯೂ ಸಂಸದರಾಗಿ ಉಳಿಯುತ್ತಾರೆಯೇ? ನಮ್ಮಲ್ಲಿ 1985ರಿಂದ ಪಕ್ಷಾಂತರ ನಿಷೇಧ ಇದೆ, ವಿಪ್ ಮೀರಿದರೆ ಸದಸ್ಯತ್ವಕ್ಕೇ ಸಂಚಕಾರ. ಆದರೂ ಈ ವಾರ ನಮ್ಮ ಬಿಜೆಪಿ ಶಾಸಕರು ಗುರುಗ್ರಾಮದ ರೆಸಾರ್ಟ್‌ನಲ್ಲಿದ್ದಾರೆ, ಇಬ್ಬರು ಪಕ್ಷೇತರರು ಕುಮಾರಸ್ವಾಮಿಯವರಿಗೆ ಕೊಟ್ಟ ಬೆಂಬಲ ವಾಪಸ್ ತೆಗೆದುಕೊಂಡಿದ್ದಾರೆ. ಇಷ್ಟು ದೊಡ್ಡ ಸೋಲಿನ ಮೇಲೆ ಸರ್ಕಾರ ಬೀಳಬೇಕಲ್ಲವೇ?

ಕಾರವಾರ–ಸ್ವಿಂಡನ್ | 17 ಜನವರಿ

ಸರ್, ಇಲ್ಲಿ ವಿಪ್ ಮೀರಿದರೆ ಪಕ್ಷ ಹೊರಗೆ ಹಾಕಬಹುದು, ಸೀಟು ಹೋಗುವುದಿಲ್ಲ. 2011ರ ಕಾಯ್ದೆ ಪ್ರಕಾರ ಸರ್ಕಾರ ಬೀಳಲು ಪ್ರತ್ಯೇಕವಾಗಿ ಅವಿಶ್ವಾಸ ಗೊತ್ತುವಳಿಯೇ ಗೆಲ್ಲಬೇಕು. ನಿನ್ನೆ ರಾತ್ರಿ ಲೇಬರ್ ನಾಯಕ ಕಾರ್ಬಿನ್ ಅದನ್ನೂ ತಂದರು. 306 ಪರ, 325 ವಿರುದ್ಧ, ಮೇ ಉಳಿದರು. ಮಂಗಳವಾರ ಒಪ್ಪಂದವನ್ನು ಕೊಂದ ಅದೇ 118 ಜನ ಬುಧವಾರ ಅವರನ್ನು ಕುರ್ಚಿಯಲ್ಲಿ ಕೂರಿಸಿದರು. ಡಿಸೆಂಬರ್‌ನಲ್ಲಿ ಪಕ್ಷದೊಳಗೆ ವಿಶ್ವಾಸಮತ ಆಗಿದ್ದರಿಂದ (200ಕ್ಕೆ 117) ಇನ್ನೊಂದು ವರ್ಷ ಪಕ್ಷವೂ ಅವರನ್ನು ಇಳಿಸುವ ಹಾಗಿಲ್ಲ.

ಅಕ್ಕ, ಸಂಸತ್ತು 498 ಮತ ಕೊಟ್ಟಿತು ಅನ್ನುವುದು ನಿಜ. ಅದೇ ನನ್ನ ಮಾತಿಗೂ ಆಧಾರ. ಅಷ್ಟು ಜನ ಕೈಯಲ್ಲಿದ್ದ ದಿನ ವಿರೋಧ ಪಕ್ಷವನ್ನು ಕರೆದು "ಬನ್ನಿ, ಯಾವ ಥರ ಹೋಗೋಣ" ಅಂತ ಕೇಳಬಹುದಿತ್ತು. ಕೇಳಲಿಲ್ಲ. 2017ರ ಜನವರಿಯ ಲ್ಯಾಂಕಾಸ್ಟರ್ ಹೌಸ್ ಭಾಷಣದಲ್ಲಿ ಕೆಂಪು ಗೆರೆ ಎಳೆದಾಯಿತು: ಸಿಂಗಲ್ ಮಾರ್ಕೆಟ್ ಬೇಡ, ಐರೋಪ್ಯ ನ್ಯಾಯಾಲಯದ ಅಧಿಕಾರ ಬೇಡ, ಈಗಿನ ಕಸ್ಟಮ್ಸ್ ಯೂನಿಯನ್ ಬೇಡ. ಆಮೇಲೆ ಅವಧಿಗೆ ಮೊದಲೇ ಚುನಾವಣೆ ಕರೆದು ಇದ್ದ ಬಹುಮತವನ್ನೂ ಕಳೆದುಕೊಂಡರು, 2017ರ ಜೂನ್ 8. ಬ್ರಿಟನ್ ಜೊತೆಗೇ ಇರಬೇಕು ಅನ್ನುವ ಉತ್ತರ ಐರ್ಲೆಂಡಿನ ಪಕ್ಷ ಡಿಯುಪಿಯ ಹತ್ತು ಸಂಸದರ ಮೇಲೆ ಸರ್ಕಾರ ನಿಂತಿತು. ಅವತ್ತಾದರೂ ಗೆರೆ ಅಳಿಸಬೇಕಿತ್ತು.

ನಿಪ್ಪಾಣಿ–ನ್ಯೂರಿ | 18 ಜನವರಿ

ಡಿಯುಪಿ ಮಾತು ಬಂತಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ಉತ್ತರ ಐರ್ಲೆಂಡಿನ ಗಡಿಯೂರು ನ್ಯೂರಿಗೆ ಬಂದು ಆರು ವರ್ಷ, ಆಸ್ಪತ್ರೆಯಲ್ಲಿ ಅರಿವಳಿಕೆ ವಿಭಾಗದಲ್ಲಿದ್ದೇನೆ. ಬ್ಯಾಕ್‌ಸ್ಟಾಪ್ ಅನ್ನುವುದನ್ನು ಲಂಡನ್ ಟಿವಿಯಲ್ಲಿ ಕಾನೂನಿನ ಪದದ ಹಾಗೆ ಆಡುತ್ತಾರೆ. ನಮಗೆ ಅದು ಮನೆ ಮುಂದಿನ ರಸ್ತೆ.

ಊರಿಂದ ದಕ್ಷಿಣಕ್ಕೆ ಐರ್ಲೆಂಡ್ ದೇಶದ ಡಂಡಾಕ್ ಕಡೆ ಹೊರಟರೆ ಯಾವಾಗ ದೇಶ ಬದಲಾಯಿತೆಂದು ತಿಳಿಯುವುದಿಲ್ಲ. ರಸ್ತೆಯಂಚಿನ ಬಿಳಿ ಗೆರೆ ಹಳದಿ ಆಗುತ್ತದೆ, ವೇಗದ ಫಲಕದಲ್ಲಿ ಮೈಲಿ ಹೋಗಿ ಕಿಲೋಮೀಟರ್ ಬರುತ್ತದೆ. ಅಷ್ಟೇ ಗಡಿ. ನಮ್ಮ ವಾರ್ಡಿನ ನರ್ಸ್‌ಗಳಲ್ಲಿ ಕೆಲವರ ಮನೆ ಆ ಕಡೆ, ಕೆಲಸ ಈ ಕಡೆ. ಸುಮಾರು 500 ಕಿ.ಮೀ. ಉದ್ದದ ಈ ಗಡಿಯಲ್ಲಿ ದಾಟುವ ಜಾಗ 200ಕ್ಕೂ ಹೆಚ್ಚು. ಹಿಂದೆ ಇಲ್ಲೇ ಸೈನ್ಯದ ಕಾವಲು ಗೋಪುರ, ಚೆಕ್‌ಪೋಸ್ಟ್ ಇದ್ದವಂತೆ. ಬ್ರಿಟನ್ ಜೊತೆ ಇರಬೇಕೋ ಐರ್ಲೆಂಡ್ ಸೇರಬೇಕೋ ಅನ್ನುವ ಹೊಡೆದಾಟದಲ್ಲಿ ಮೂರೂವರೆ ಸಾವಿರ ಜನ ಸತ್ತ ಮೇಲೆ 1998ರ ಏಪ್ರಿಲ್‌ನಲ್ಲಿ ಶಾಂತಿ ಒಪ್ಪಂದವಾಯಿತು.

ನಾನು ನಿಪ್ಪಾಣಿಯವಳು. ಜಿಎಸ್‌ಟಿಗೆ ಮೊದಲು ರಾಜ್ಯದ ಗಡಿಯಲ್ಲಿ ಲಾರಿಗಳು ಕಾಗದ ತೋರಿಸಲು ಸಾಲುಗಟ್ಟಿ ನಿಲ್ಲುವುದನ್ನು ಶಾಲೆಗೆ ಹೋಗುವ ವಯಸ್ಸಿನಿಂದ ಕಂಡವಳು. ಚಾಲಕರು ಲಾರಿ ಕೆಳಗೆ ಸ್ಟವ್ ಹಚ್ಚಿ ಅಡುಗೆ ಮಾಡಿಕೊಳ್ಳುತ್ತಿದ್ದರು. ಎರಡು ಕಡೆ ಬೇರೆ ಬೇರೆ ಸುಂಕ ಇದ್ದರೆ ನಡುವೆ ಯಾರಾದರೂ ನಿಂತು ನೋಡಲೇಬೇಕು. ಬ್ರಿಟನ್ ಕಸ್ಟಮ್ಸ್ ಯೂನಿಯನ್ ಬಿಟ್ಟರೆ, ಐರ್ಲೆಂಡ್ ಅದರಲ್ಲೇ ಉಳಿದರೆ, ಆ ನೋಡುವವರು ಎಲ್ಲಿ ನಿಲ್ಲಬೇಕು? ಒಂದೋ ಈ ರಸ್ತೆಯಲ್ಲಿ, ಇಲ್ಲವೇ ಬ್ರಿಟನ್‌ಗೂ ನಮಗೂ ನಡುವಿನ ಸಮುದ್ರದ ಬಂದರುಗಳಲ್ಲಿ. ಎರಡನೆಯದಕ್ಕೆ ಡಿಯುಪಿ ಒಪ್ಪುವುದಿಲ್ಲ. ಯಾವ ಪ್ರಧಾನಿಯೂ ಅದಕ್ಕೆ ಒಪ್ಪಲಾರರು ಎಂದು ಮೇ ಕೂಡ ಹೇಳಿದರು. ಅದಕ್ಕೇ ಇಡೀ ದೇಶವನ್ನೇ ತಾತ್ಕಾಲಿಕವಾಗಿ ಸುಂಕದ ಒಂದೇ ವಲಯದಲ್ಲಿ ಇಡುವ ಈ ಬ್ಯಾಕ್‌ಸ್ಟಾಪ್.

ಡಾಕ್ಟರ್ ಸರ್, ನಿಮಗದು ಬಲೆ. ನಮ್ಮ ರಸ್ತೆಗೆ ಅದೊಂದೇ ಭರವಸೆ. ಮೇ ಅವರ ತಪ್ಪು ಬ್ಯಾಕ್‌ಸ್ಟಾಪ್ ತಂದದ್ದಲ್ಲ. ಇದು ಯಾಕೆ ಬೇಕು ಅಂತ ಬ್ರಿಟನ್ ಜನಕ್ಕೆ ಎರಡು ವರ್ಷದಲ್ಲಿ ಒಮ್ಮೆಯೂ ಬಿಡಿಸಿ ಹೇಳದೇ ಹೋದದ್ದು. ಉತ್ತರ ಐರ್ಲೆಂಡಿನಲ್ಲಿ ಶೇ. 56 ಜನ ಒಕ್ಕೂಟದಲ್ಲೇ ಇರೋಣ ಅಂದಿದ್ದರು. ಅವರ ಪರವಾಗಿ ಆ ಮಾತಿನ ಮೇಜಿನಲ್ಲಿ ಕೂತವರು ಯಾರೂ ಇಲ್ಲ.

ಹಳೇ ಡಾಕ್ಟರ್, ಸಂಡರ್‌ಲ್ಯಾಂಡ್ | 18 ಜನವರಿ

ತಂಗೀ, ಛಂದ ಬರದೀರಿ. ಆದ್ರೂ ಒಪ್ಪೂದಿಲ್ಲ. ಇವತ್ತಿಗೂ ಎರಡು ಕಡೆ ನಾಣ್ಯ ಬ್ಯಾರೆ, ತೆರಿಗಿ ಬ್ಯಾರೆ. ನಡದದಲ್ಲ? ಕ್ಯಾಮೆರಾ, ಕಂಪ್ಯೂಟರ್, ಮೊದಲ ಬರದು ಕಳಿಸೂ ಕಾಗದ, ಹಾದಿ ಇರತಾವ. ಗಡಿ ಹೆಸರಿನ್ಯಾಗ ಇಡೀ ದೇಶ ಕಟ್ಟಿಹಾಕೂದು ನ್ಯಾಯ ಅಲ್ಲ.

ನಿಪ್ಪಾಣಿ–ನ್ಯೂರಿ | 20 ಜನವರಿ

ಸರ್, ನಿನ್ನೆ ರಾತ್ರಿ ನಮ್ಮ ಉತ್ತರ ಐರ್ಲೆಂಡಿನ ಡೆರಿಯಲ್ಲಿ ಕೋರ್ಟ್ ಮುಂದೆ ಕಾರಿನಲ್ಲಿಟ್ಟ ಬಾಂಬ್ ಸಿಡಿದಿದೆ. ಅದರ ಮುಂದಿನಿಂದ ಹುಡುಗರ ಗುಂಪೊಂದು ನಡೆದುಹೋದದ್ದು, ಸ್ವಲ್ಪ ಹೊತ್ತಿಗೆ ಕಾರು ಹೊತ್ತಿಕೊಂಡದ್ದು ವಿಡಿಯೊದಲ್ಲಿದೆ. ಪುಣ್ಯಕ್ಕೆ ಯಾರಿಗೂ ಏನೂ ಆಗಿಲ್ಲ. ಬ್ರೆಕ್ಸಿಟ್‌ನಿಂದಲೇ ಆಯಿತು ಅಂತ ನಾನು ಹೇಳುತ್ತಿಲ್ಲ. ನೀವು ಹೇಳುವ ಕ್ಯಾಮೆರಾವನ್ನು ಇಲ್ಲಿ ಕಂಬಕ್ಕೆ ಹಾಕಿದರೆ, ಅದನ್ನು ಕಾಯಲು ಒಬ್ಬ ಪೊಲೀಸ್ ಬೇಕು, ಅವನನ್ನು ಕಾಯಲು ಇನ್ನೊಬ್ಬ. ನಮ್ಮ ಹಿರಿಯ ಸಿಸ್ಟರ್ ಹೇಳಿದ ಮಾತಿದು, ಅವರು ಆ ಕಾಲ ಕಂಡವರು.

ಕಾರವಾರ–ಸ್ವಿಂಡನ್ | 22 ಜನವರಿ

ನಿನ್ನೆ ಒಂದು ಒಳ್ಳೆಯ ಸುದ್ದಿ, ಇಲ್ಲಿ ಹೇಳಲೇಬೇಕು. ಒಕ್ಕೂಟದ ಪ್ರಜೆಗಳು ಇಲ್ಲೇ ಉಳಿಯಲು ಕೊಡಬೇಕಿದ್ದ 65 ಪೌಂಡ್ ಅರ್ಜಿ ಶುಲ್ಕವನ್ನು ಮೇ ರದ್ದು ಮಾಡಿದ್ದಾರೆ. ಹೆಂಡತಿ "65 ಪೌಂಡ್ ಉಳಿಯಿತು ಅಂತ ಸಂತೋಷ ಅಲ್ಲ, ನನ್ನ ಮನೆಯಲ್ಲಿರಲು ನನ್ನಿಂದ ಬಾಡಿಗೆ ಕೇಳುವುದನ್ನು ನಿಲ್ಲಿಸಿದರಲ್ಲ" ಅಂದಳು. ಇದನ್ನು ಎರಡು ವರ್ಷ ಮೊದಲೇ ಮಾಡಿದ್ದರೆ ಅನ್ನಿಸದೇ ಇರದು. ಆದರೂ ಮಾಡಿದ್ದಕ್ಕೆ ಧನ್ಯವಾದ.

ಲೆಸ್ಟರ್ ಅಕ್ಕ | 4 ಫೆಬ್ರವರಿ

ಡಾಕ್ಟ್ರೇ, ನಿಸ್ಸಾನ್ ಸುದ್ದಿ ನೋಡಿದೆ. ನಿಮ್ಮೂರಿನಲ್ಲಿ ತಯಾರಾಗಬೇಕಿದ್ದ ಎಕ್ಸ್-ಟ್ರೇಲ್ ಕಾರು ಜಪಾನಿನಲ್ಲೇ ಉಳಿಯಿತಂತೆ. ಜನ ಏನನ್ನುತ್ತಾರೆ?

ಹಳೇ ಡಾಕ್ಟರ್, ಸಂಡರ್‌ಲ್ಯಾಂಡ್ | 4 ಫೆಬ್ರವರಿ

ಮನಿಮನಿಯೊಳಗ ಅದ ಮಾತು. ಕಂಪನಿ ಹೇಳೂದು ವ್ಯಾಪಾರದ ಕಾರಣ, ಮುಂದ ಒಕ್ಕೂಟದ ಜೋಡಿ ಸಂಬಂಧ ಹೆಂಗಿರತದೋ ತಿಳೀವಲ್ದು ಅನ್ನೂದೂ ಸೇರೇದ. ಡೀಸೆಲ್ ಗಾಡಿ ಮಾರಾಟ ಬಿದ್ದದ್ದೂ ಖರೆ. ಇಲ್ಲಿ ಶೇ. 61 ಮಂದಿ ಲೀವ್ ಹಾಕಿದವರು. ನನ್ನ ಹಳೇ ಪೇಷಂಟ್ ಒಬ್ಬಾಂವ, 1986ರಾಗ ಕಾರ್ಖಾನಿ ಸುರು ಆದಾಗಿಂದ ಅಲ್ಲೇ ದುಡದಾಂವ, ಅಂಗಡಿಯೊಳಗ ಭೆಟ್ಟಿ ಆಗಿದ್ದ. "ಡಾಕ್ಟರ್, ನಮಗ ಇದ್ರ ಇರ್ರಿ ಅನ್ರಿ, ಹೋದ್ರ ಹೋಗ್ರಿ ಅನ್ರಿ, ಹಿಂಗ ನಡೂವ ನಿಂದ್ರಸಬ್ಯಾಡ್ರಿ" ಅಂದ. ಆ ಮಾತಿಗೆ ನನ್ನ ಕಡೆ ಉತ್ತರ ಇರಲಿಲ್ಲ. ಈ ಒಂದು ವಿಷಯದಾಗ ಸ್ವಿಂಡನ್ ತಮ್ಮ ಹೇಳಿದ್ದು ಒಪ್ಪತೇನಿ. ತಯಾರಿ ಇಲ್ಲದ ಪತ್ರ ಕೊಟ್ಟಿದ್ದು ತಪ್ಪು.

ಕಾರವಾರ–ಸ್ವಿಂಡನ್ | 19 ಫೆಬ್ರವರಿ

ಇವತ್ತು ನಮ್ಮೂರ ಸರದಿ. ಹೊಂಡಾ ಕಾರು ಕಾರ್ಖಾನೆ 2021ಕ್ಕೆ ಮುಚ್ಚುತ್ತದಂತೆ, 3,500 ಕೆಲಸ ಹೋಗುತ್ತದೆ. ಬ್ರೆಕ್ಸಿಟ್‌ಗೂ ಇದಕ್ಕೂ ಸಂಬಂಧ ಇಲ್ಲ ಅಂತ ಕಂಪನಿ ಸ್ಪಷ್ಟವಾಗಿ ಹೇಳಿದೆ, ಹಾಗಾಗಿ ನಾನು ಅದನ್ನು ವಾದಕ್ಕೆ ಎಳೆಯುವುದಿಲ್ಲ. ಮಗನ ತರಗತಿಯಲ್ಲಿ ಮೂವರು ಮಕ್ಕಳ ಅಪ್ಪಂದಿರು ಅಲ್ಲಿದ್ದಾರೆ. ಸಂಜೆ ಶಾಲೆ ಬಿಡುವಾಗ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಲೆಸ್ಟರ್ ಅಕ್ಕ | 24 ಮಾರ್ಚ್

ನಿನ್ನೆ ಲಂಡನ್ನಿಗೆ ಹೋಗಿ ಬಂದೆ. ಪಾರ್ಕ್ ಲೇನ್‌ನಿಂದ ಸಂಸತ್ತಿನವರೆಗೆ, ಇನ್ನೊಂದು ಜನಮತಗಣನೆ ಬೇಕು ಅನ್ನುವವರ ನಡಿಗೆ. ಎಷ್ಟು ಜನವೆಂದರೆ ಮೊದಲ ಒಂದು ಗಂಟೆ ನಿಂತಲ್ಲೇ ನಿಂತಿದ್ದೆವು. 12ನೇ ತಾರೀಕು ಮೇ ಎರಡನೇ ಸಲವೂ ಸೋತರು, 149ರಿಂದ. ಆಮೇಲೆ ಟಿವಿಯಲ್ಲಿ ಬಂದು, ತಪ್ಪೆಲ್ಲ ಸಂಸದರದ್ದು, ನಾನು ಜನರಾದ ನಿಮ್ಮ ಕಡೆ ಅನ್ನುವ ಧಾಟಿಯಲ್ಲಿ ಮಾತಾಡಿದರು. ಇಷ್ಟು ದಿನ ಅವರ ಪರ ವಾದ ಮಾಡಿದ ನನಗೇ ಅವತ್ತು ಅವರು ದೂರವಾದರು. ಸಂಸದರಿಗೆ ಕೊಲೆ ಬೆದರಿಕೆ ಬರುತ್ತಿರುವ ಹೊತ್ತು. ಸಂಸದೆ ಜೋ ಕಾಕ್ಸ್‌ಳನ್ನು ಬೀದಿಯಲ್ಲಿ ಕೊಂದು ಮೂರು ವರ್ಷವೂ ಆಗಿಲ್ಲ. ಪ್ರಧಾನಿಯಾದವರು ಜನರನ್ನು ಸಂಸತ್ತಿನ ಮೇಲೆ ಎತ್ತಿಕಟ್ಟುವ ಮಾತು ಆಡಬಾರದಿತ್ತು.

ಬೇರೆಯವರು ಬಿಟ್ಟು ಹೋದದ್ದನ್ನು ಇವರು ಹೊತ್ತರು ಅನ್ನುವ ಮಾತಿಗೆ ಈಗಲೂ ನಿಲ್ಲುತ್ತೇನೆ. ಆದರೆ ಹೊತ್ತ ಮೇಲೆ ಯಾರಿಗೂ ಕೈ ಕೊಡಲು ಬಿಡಲಿಲ್ಲ, ಅದೂ ಹೌದು.

ಹಳೇ ಡಾಕ್ಟರ್, ಸಂಡರ್‌ಲ್ಯಾಂಡ್ | 30 ಮಾರ್ಚ್

ನಿನ್ನೆ ರಾತ್ರಿ ಹನ್ನೊಂದಕ್ಕ ಹೊರಗ ಬರಬೇಕಿತ್ತು. ಬದಲಿಗೆ ಮೂರನೇ ಸೋಲು, 286ಕ್ಕ 344. ಒಪ್ಪಂದ ಪಾಸ್ ಆದ್ರ ಕುರ್ಚಿ ಬಿಡತೇನಿ ಅಂದ್ರೂ ಆಗಲಿಲ್ಲ. ಈ ಸಲ ಬೋರಿಸ್ ಸೈತ ಪರ ಹಾಕಿದ್ರು. ಜನವರಿಯೊಳಗ ಗುಲಾಮಗಿರಿ ಆಗಿದ್ದ ಕಾಗದ ಮಾರ್ಚ್‌ನ್ಯಾಗ ಹೆಂಗ ಛಲೋ ಆತು? ನಮ್ಮ ಕಡೆಯವರ ಮ್ಯಾಲೂ ನನಗ ಸಿಟ್ಟು ಬಂದದ. ಮೂರು ವರ್ಷದಿಂದ ಆಸೆ ಇಟಗೊಂಡ ಕೂತಾಂವ ನಾ, 68 ವಯಸ್ಸು.

ಕಾರವಾರ–ಸ್ವಿಂಡನ್ | 2 ಏಪ್ರಿಲ್

ನಿನ್ನೆ ಕೆಳಮನೆಯಲ್ಲಿ ಕಸ್ಟಮ್ಸ್ ಯೂನಿಯನ್‌ನಲ್ಲಿ ಉಳಿಯುವ ಗೊತ್ತುವಳಿ ಬಿದ್ದದ್ದು ಮೂರೇ ಮತದಿಂದ. 273 ಪರ, 276 ವಿರುದ್ಧ. ಪ್ರಧಾನಿಯ ಒಪ್ಪಂದ ಸೋತದ್ದು 230, 149, 58ರಿಂದ. ಅದನ್ನು ತಂದ ಕೆನ್ ಕ್ಲಾರ್ಕ್ ಎಂಬ, ಮಂತ್ರಿಗಿರಿ ಇಲ್ಲದ ಹಿಂದಿನ ಬೆಂಚಿನ ಮುದುಕರು, ಸರ್ಕಾರದ ಯಾವ ಬಲವೂ ಇಲ್ಲದೆ, ಮೂರು ಮತದ ಹತ್ತಿರ ಬಂದರು. 2017ರಲ್ಲಿ ಪ್ರಧಾನಿಯೇ ಈ ದಾರಿ ಹಿಡಿದಿದ್ದರೆ? ನಿಪ್ಪಾಣಿ ಮೇಡಂ ಅವರ ರಸ್ತೆಯ ಅರ್ಧ ಚಿಂತೆ ಕಳೆಯುತ್ತಿತ್ತು, ಲೇಬರ್ ಕಡೆಯಿಂದ ನೂರಾರು ಮತ ಬರುತ್ತಿತ್ತು. ಪಕ್ಷ ಒಡೆಯುತ್ತಿತ್ತು, ಒಪ್ಪುತ್ತೇನೆ. ಅವರು ಉಳಿಸಲು ಹೊರಟದ್ದು ಪಕ್ಷವನ್ನು. ನನ್ನ ಪೂರ್ತಿ ತಕರಾರು ಇಷ್ಟೇ.

ಇನ್ನೊಂದು. ಭಾನುವಾರ ಹೆಂಡತಿಯ ಅರ್ಜಿ ಹಾಕಿದೆವು. ಆ ಆ್ಯಪ್ ಆಂಡ್ರಾಯ್ಡ್‌ನಲ್ಲಿ ಮಾತ್ರ ನಡೆಯುತ್ತದೆ, ನಮ್ಮಿಬ್ಬರದೂ ಐಫೋನ್. ಪಕ್ಕದ ಮನೆಯವರ ಫೋನ್ ತಂದೆವು. ಪಾಸ್‌ಪೋರ್ಟ್ ಮೇಲೆ ಫೋನ್ ಇಟ್ಟು ಚಿಪ್ ಓದಿಸಬೇಕು, ಸ್ವಲ್ಪ ಅಲುಗಾಡಿದರೂ ಮತ್ತೆ ಮೊದಲಿನಿಂದ. ಆರನೇ ಸಲಕ್ಕೆ ಓದಿತು. ಆಮೇಲೆ ಮುಖದ ಮೇಲೆ ಕೆಂಪು, ನೀಲಿ, ಹಸಿರು ಬೆಳಕು ಬಿಟ್ಟು ಇವಳು ಇವಳೇ ಹೌದಾ ಅಂತ ಪರೀಕ್ಷೆ. ಹನ್ನೆರಡು ವರ್ಷ ಉಗ್ರಾಣದಲ್ಲಿ ಪೆಟ್ಟಿಗೆ ಕಟ್ಟಿದ ಕೈ ಅವಳದು, ಪಾಸ್‌ಪೋರ್ಟ್ ಹಿಡಿದಿದ್ದಾಗ ನಡುಗುತ್ತಿತ್ತು.

ರೆಡಿಂಗ್ ಹುಡುಗ | 24 ಮೇ

ರಾಜೀನಾಮೆ ಕೊಟ್ಟರು! ಜೂನ್ 7ಕ್ಕೆ ಪಕ್ಷದ ನಾಯಕತ್ವ ಬಿಡುತ್ತಾರಂತೆ. ಲೇಬರ್ ಜೊತೆಗಿನ ಮಾತುಕತೆ ಹೋದ ವಾರವೇ ಮುರಿದಿತ್ತು. ಆಫೀಸಿನಲ್ಲಿ ಎಲ್ಲರೂ ಕೆಲಸ ಬಿಟ್ಟು ನೋಡಿದೆವು. ದೇಶದ ಬಗ್ಗೆ ಹೇಳುವಾಗ ಕೊನೆಗೆ ದನಿ ಒಡೆಯಿತು, ತಟ್ಟನೆ ತಿರುಗಿ ಒಳಗೆ ಹೋದರು. ನನ್ನ ಅಣ್ಣನ ವೀಸಾ ನೆನೆದರೆ ಕಣ್ಣೀರು ಬರುವುದಿಲ್ಲ ನನಗೆ. ಪೋಲೆಂಡಿನ ಹುಡುಗಿ ಮಾತ್ರ ಟಿಶ್ಯೂ ಹುಡುಕುತ್ತಿದ್ದಳು.

ಹಳೇ ಡಾಕ್ಟರ್, ಸಂಡರ್‌ಲ್ಯಾಂಡ್ | 24 ಮೇ

ಹೋಗಬೇಕಿತ್ತು, ಹೋದ್ರು. ಆದ್ರ ಹಂಗ ಹೋಗೂದು ನೋಡಿ ಮನಸಿಗೆ ಸಮಾಧಾನ ಏನೂ ಆಗಲಿಲ್ಲ.

ನಿಪ್ಪಾಣಿ–ನ್ಯೂರಿ | 24 ಮೇ

ಮುಂದೆ ಬರುವವರು ಯಾರೇ ಆಗಲಿ, ಈ ರಸ್ತೆ ಇಲ್ಲೇ ಇರುತ್ತದೆ, ಡಿಯುಪಿಯ ಹತ್ತು ಮತವೂ ಇರುತ್ತದೆ. ಒಮ್ಮೆ ಬಂದು ಡಂಡಾಕ್‌ವರೆಗೆ ಕಾರಿನಲ್ಲಿ ಹೋಗಿ ಬರಲಿ ಅಂತಷ್ಟೇ ನನ್ನ ಆಸೆ.

ಕಾರವಾರ–ಸ್ವಿಂಡನ್ | 24 ಮೇ

ನಿನ್ನೆ ಯುರೋಪ್ ಸಂಸತ್ತಿನ ಚುನಾವಣೆ ಇತ್ತಲ್ಲ, ಬ್ರಿಟನ್ ಹೊರಹೋಗಿದ್ದರೆ ನಡೆಯಲೇಬಾರದಿದ್ದ ಚುನಾವಣೆ. ಒಕ್ಕೂಟದ ಪ್ರಜೆಗಳು ಇಲ್ಲಿ ಮತ ಹಾಕಬೇಕಾದರೆ ಮೇ 7ರೊಳಗೆ ಬೇರೆ ಫಾರ್ಮ್ ತುಂಬಿ ಕೊಡಬೇಕಿತ್ತು. ಎಷ್ಟೋ ಜನಕ್ಕೆ ಗೊತ್ತೇ ಆಗದೆ ಮತಗಟ್ಟೆಯಿಂದ ವಾಪಸ್ ಬಂದಿದ್ದಾರೆ. ಹೆಂಡತಿ ಏಪ್ರಿಲ್‌ನಲ್ಲೇ ತುಂಬಿ, ತಾನೇ ಹೋಗಿ ಕೈಯಲ್ಲಿ ಕೊಟ್ಟು ಬಂದಿದ್ದಳು.

ಅದೇ ಶಾಲೆ, ಅದೇ ಗೇಟು. ಈ ಸಲ ಇಬ್ಬರೂ ಒಳಗೆ ಹೋದೆವು. ಮಗನಿಗೆ ಈಗ ಹನ್ನೊಂದು, ಹೊರಗೆ ಒಬ್ಬನೇ ನಿಂತಿದ್ದ. ಅವಳು ಪರದೆ ಹಿಂದಿನಿಂದ ಬರಲು ಬಹಳ ಹೊತ್ತು ತೆಗೆದುಕೊಂಡಳು.

ಇವತ್ತು ಮೇ ದನಿ ಒಡೆದಾಗ ಅವಳು ಟಿವಿಯ ಸದ್ದು ಕಡಿಮೆ ಮಾಡಿದಳು. ಏನೂ ಹೇಳಲಿಲ್ಲ. ಅವಳ ಅರ್ಜಿ ಮಂಜೂರಾಗಿ ತಿಂಗಳಾಯಿತು. ಕಾರ್ಡ್ ಇಲ್ಲ, ಏನಿಲ್ಲ, ಒಂದು ಇಮೇಲ್ ಅಷ್ಟೇ. ಪ್ರಿಂಟ್ ತೆಗೆದು ಮದುವೆ ಸರ್ಟಿಫಿಕೇಟ್ ಇರುವ ಪ್ಲಾಸ್ಟಿಕ್ ಫೈಲಿನಲ್ಲಿ ಇಟ್ಟಿದ್ದಾಳೆ.

ಲೆಸ್ಟರ್ ಅಕ್ಕ | 25 ಮೇ

ತಮ್ಮಾ, ನಮ್ಮ ಬೀದಿಯಲ್ಲಿ ಡಾಮನ್‌ನಿಂದ ಬಂದ ಗುಜರಾತಿ ಅಜ್ಜಿಯೊಬ್ಬರಿದ್ದಾರೆ, ಅವರದೂ ಪೋರ್ಚುಗೀಸ್ ಪಾಸ್‌ಪೋರ್ಟ್. ಅರ್ಜಿ ಇನ್ನೂ ಹಾಕಿಲ್ಲ, ಫೋನ್ ಕಂಡರೆ ಭಯ. ಚಿಪ್ ಓದಿಸುವುದು ಹೇಗೆ ಅಂತ ಸ್ವಲ್ಪ ಹೇಳಿಕೊಡಿ.

ಕಾರವಾರ–ಸ್ವಿಂಡನ್ | 25 ಮೇ

ಅಕ್ಕ, ಮೊದಲು ಫೋನಿನ ಕವರ್ ತೆಗೆಯಿರಿ. ಪಾಸ್‌ಪೋರ್ಟನ್ನು ಗಟ್ಟಿ ಮೇಜಿನ ಮೇಲೆ ಇಡಿ, ಹಾಸಿಗೆಯ ಮೇಲೆ ಬೇಡ. ಫೋನ್ ಇಟ್ಟ ಮೇಲೆ ಕೈ ತೆಗೆದುಬಿಡಿ, ಅಜ್ಜಿಗೂ ಮುಟ್ಟಬೇಡಿ ಅನ್ನಿ. ಅವರ ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಹುಡುಕಿಟ್ಟುಕೊಳ್ಳಿ, ಐದು ವರ್ಷದ ವಾಸ ಅದರಿಂದಲೇ ಸಿಕ್ಕಿಬಿಟ್ಟರೆ ಬೇರೆ ಕಾಗದ ಕೇಳುವುದಿಲ್ಲ. ಶನಿವಾರ ಸಂಜೆ ನಾನು ಮನೆಯಲ್ಲಿರುತ್ತೇನೆ, ವಿಡಿಯೊ ಕಾಲ್ ಮಾಡಿ. ಹೆಂಡತಿಗೆ ಗುಜರಾತಿ ಸ್ವಲ್ಪ ಬರುತ್ತದೆ.